ಮುಂದಿನ ಬ್ರೇಕು ಹಿಡಿಯದ ಮಳೆಗಾಲ

ಮೊನ್ನೆ ಅಮ್ಮನಿಗೆ ಇಂಜೆಕ್ಷನ್ ಕೊಡಿಸಲು ಸೊರಬದ ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಹತ್ತಿಗೆ ಸ್ಪಿರಿಟ್ ಹಾಕಿ ಅಮ್ಮನ ತೋಳು ಒರೆಸಿದ್ದೇ ತಡ, ಆ ತಣ್ಣನೆಯ ಚುರುಕು ವಾಸನೆ ಮೂಗಿಗೆ ಬಡಿದು ನನಗೆ ನಗು ಬಂದುಬಿಟ್ಟಿತು. "ಎಂತಕ್ಕೆ ನಗ್ತೀಯೇ? ಚುಚ್ಚಿಸ್ಕೊಳ್ಳೋದು ನಾನು" ಎಂದು ಅಮ್ಮ ಸಿಡುಕಿದಳು. ಸ್ಪಿರಿಟ್ ವಾಸನೆ ಬಂದರೆ ಬೇರೆಯವರಿಗೆ ಸೂಜಿ, ಜ್ವರ ನೆನಪಾಗಬಹುದು. ನನಗೆ ನೆನಪಾಗುವುದು ಸೈಕಲ್ಲಿನ ಬ್ರೇಕು, ನನ್ನ ಬಲಗೈ ಮತ್ತು ನನ್ನ ಅತ್ತೆ. ಈ ಮೂರೂ ಸೇರಿ ನನ್ನ ತಲೆ ಕೆಡಿಸಿದ ಒಂದು ಮಳೆಗಾಲವನ್ನು ಅಲ್ಲಿ ನಿಂತು ಅಮ್ಮನಿಗೆ ವಿವರಿಸುವುದು ಆಗುವ ಕೆಲಸವಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಿ.ಟಿ. ಟೀಚರು. ತವರು ಸೊರಬ ತಾಲ್ಲೂಕಿನ ಹೊಸಬಾಳೆ, ಕೊಟ್ಟಿದ್ದು ಶಿಕಾರಿಪುರಕ್ಕೆ. ಈಸೂರಿನ ಕಡೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಕೆಲಸ. ಗಂಡನ ಮನೆಯವರದು ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಕುಡುಗೋಲು, ಕೊಡಲಿ, ಗುದ್ದಲಿ, ಮಚ್ಚು ಮಾರುತ್ತಾರೆ. ಅಂಗಡಿಯ ಮಾಲೀಕರು ನಮ್ಮ ಯಜಮಾನರು ಎಂದು ಬೋರ್ಡು ಹೇಳುತ್ತದೆ. ನಡೆಸುವವರು ನಮ್ಮ ಅತ್ತೆ ನೀಲಮ್ಮನವರು ಎಂದು ಊರು ಹೇಳುತ್ತದೆ. ನಾನು ಊರಿನ ಮಾತನ್ನು ನಂಬುವವಳು.

ಸೈಕಲ್ಲು ಬಂದದ್ದು ಆ ವರ್ಷದ ಬೇಸಿಗೆ ರಜೆಯಲ್ಲಿ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿ, ಅವರು ತಮ್ಮ ಗೇರ್ ಸೈಕಲ್ಲನ್ನು ನನಗೆ ಕೊಟ್ಟು ಹೋದರು. ದಪ್ಪ ಟೈರು, ಗುಡ್ಡ ಹತ್ತುವಂಥದ್ದು. ಕಾಲೇಜಿನಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದ ನನಗೆ ಹೋದ ಜೀವ ಬಂದಂತಾಯಿತು. ಅತ್ತೆಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಸ್ಕೂಟಿ ತಗೋ ಅಂದ್ರೆ ಸೈಕಲ್ ತಂದಾಳೆ. ಹಿಂದಕ್ಕೆ ಹೋಗಾಕೂ ಒಂದು ಮಿತಿ ಬ್ಯಾಡೇನು?" ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಹಾಗೆ ಹೇಳುತ್ತಲೇ ಮೊದಲ ದಿನ ಕುಂಕುಮದ ತಟ್ಟೆ ಹಿಡಿದು ಸೈಕಲ್ಲಿನ ಹತ್ತಿರ ಬಂದರು. ನಾನು, "ಬೇಡ ಅತ್ತೆ, ಬಣ್ಣದ ಮೇಲೆ ಕಲೆ ಕೂರುತ್ತೆ" ಅಂದೆ. ಅವರು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ನಡುಮನೆಯಲ್ಲಿ ಸೈಕಲ್ಲಿಗೊಂದು ಜಾಗವೂ ಆಯಿತು. ಹಿಂದಿನ ಚಕ್ರ ಮೆಟ್ಟಿಲ ಕೆಳಗೆ ಅಕ್ಕಿ ಚೀಲದ ಪಕ್ಕ ತೂರಿಕೊಂಡಿರುತ್ತಿತ್ತು, ಮುಂದಿನ ಚಕ್ರ ಹೊರಗೆ ಇಣುಕುತ್ತಿತ್ತು.

ಆ ಸೈಕಲ್ಲಿನ ಬ್ರೇಕಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಹಳೇ ಸೈಕಲ್ಲಿನ ಹಾಗೆ ಕಡ್ಡಿ, ತಂತಿ, ರಬ್ಬರು ಇದಕ್ಕಿಲ್ಲ. ಹ್ಯಾಂಡಲ್ಲಿನಿಂದ ಚಕ್ರದವರೆಗೆ ಸಣ್ಣ ಪೈಪು, ಅದರ ತುಂಬ ಎಣ್ಣೆ. ಚಕ್ರದ ನಡುವೆ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಉಕ್ಕಿನ ಡಿಸ್ಕ್. ಮೇಲೆ ಲಿವರ್ ಒತ್ತಿದರೆ ಪೈಪಿನ ಎಣ್ಣೆ ಕೆಳಗೆ ನೂಕುತ್ತದೆ, ಎರಡು ಪ್ಯಾಡ್‌ಗಳು ಆ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ನಿಲ್ಲಿಸುವ ಕೆಲಸ ಬಹುಪಾಲು ಮುಂದಿನದೇ. ಒಂದು ಬೆರಳು ಸಾಕು, ಸೈಕಲ್ಲು ನಿಂತಲ್ಲೇ ನಿಲ್ಲುತ್ತಿತ್ತು.

ಅದೇ ನನ್ನನ್ನು ಬೀಳಿಸಿದ್ದು. ಜೂನ್ ತಿಂಗಳು, ಮಳೆ ಆಗತಾನೇ ಹಿಡಿದಿತ್ತು. ಕೆರೆ ಏರಿಯ ಇಳಿಜಾರಿನಲ್ಲಿ ಒಂದು ಎಮ್ಮೆಕರು ಅಡ್ಡ ಬಂತು. ಗಾಬರಿಯಲ್ಲಿ ಬಲಗೈ ಗಟ್ಟಿಯಾಗಿ ಒತ್ತಿದೆ. ಮುಂದಿನ ಚಕ್ರ ಗಪ್ಪನೆ ನಿಂತು, ಹಿಂದಿನದು ಮೇಲೆದ್ದು, ನಾನು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಕರು ನನ್ನನ್ನು ಮೂಸಿ ನೋಡಿ ತನ್ನ ದಾರಿ ಹಿಡಿಯಿತು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಹೊಸಬಾಳೆಗೆ ಹೋದೆ. ಅಮ್ಮ ಉಣ್ಣಿಸಿದಳು, ತಲೆ ಬಾಚಿದಳು, ಬೈದಳು. ಸುತ್ತ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಎಲ್ಲರ ಕೈಗೂ ಕೆಲಸವಿದ್ದಾಗ ನನ್ನ ಕೈ ಮಾತ್ರ ಸುಣ್ಣದ ಕಂಬವಾಗಿ ಕೊರಳಿಗೆ ತೂಗಿಬಿದ್ದಿತ್ತು. ಪ್ಲಾಸ್ಟರ್ ತೆಗೆಸಿಕೊಂಡು ಶಿಕಾರಿಪುರಕ್ಕೆ ವಾಪಸ್ಸು ಬರುವ ಹೊತ್ತಿಗೆ ಭೀಮನ ಅಮಾವಾಸ್ಯೆ ಕಳೆದಿತ್ತು.

ಪ್ಲಾಸ್ಟರ್ ತೆಗೆದ ಕೈ ನೋಡಿದವರಿಗೆ ಗೊತ್ತು, ಅದು ನಮ್ಮ ಕೈ ಅನ್ನಿಸುವುದೇ ಇಲ್ಲ. ಬಿಳುಚಿಕೊಂಡು, ಸಣಕಲಾಗಿ, ಯಾರದೋ ಕೈಯನ್ನು ತಂದು ಅಂಟಿಸಿದ ಹಾಗಿರುತ್ತದೆ. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳೆ ಕೂಡಿದೆ. ಆದರೆ ಹಿಡಿತ ಕೆಲವರಿಗೆ ಪೂರ್ತಿ ಬರುತ್ತೆ, ಕೆಲವರಿಗೆ ಬರಲ್ಲ. ನರಕ್ಕೆ ಪೆಟ್ಟಾಗಿದ್ದರೆ ಒಂದು ಆಪರೇಷನ್ ಬೇಕಾಗಬಹುದು. ಕೆಲಸ ಮಾಡ್ತಾ ಮಾಡ್ತಾ ನಿಮಗೇ ತಿಳಿಯುತ್ತೆ" ಎಂದಿದ್ದರು. ನನಗೆ ಆ ಮಾತು ತಲೆಯಲ್ಲೇ ಕೂತುಬಿಟ್ಟಿತು. ಗುಂಡು ಎಸೆಯುವುದನ್ನು, ಕಬಡ್ಡಿಯಲ್ಲಿ ಕಾಲು ಹಿಡಿಯುವುದನ್ನು ಮಕ್ಕಳಿಗೆ ತೋರಿಸಿಕೊಡುವವಳು ನಾನು. ಬಲಗೈಯಲ್ಲಿ ಹಿಡಿತವಿಲ್ಲದ ಪಿ.ಟಿ. ಟೀಚರು ಸೀಟಿ ಊದಿಕೊಂಡು ನೆರಳಲ್ಲಿ ನಿಲ್ಲಬೇಕಷ್ಟೇ.

ಕೆಲಸ ಮಾಡಿ ತಿಳಿದುಕೊಳ್ಳೋಣವೆಂದರೆ ಮನೆಯಲ್ಲಿ ಅತ್ತೆ ಕೈಗೆ ಕೆಲಸವನ್ನೇ ಕೊಡಲಿಲ್ಲ. ಕೊಡ ಎತ್ತಲು ಹೋದರೆ ಕಸಿದುಕೊಳ್ಳುತ್ತಿದ್ದರು. ರೊಟ್ಟಿ ಬಡಿಯಲು ಕೂತರೆ, "ಏಳು ಮ್ಯಾಲೆ. ಮುರದ ಕೈಯಾಗೆ ಬಡದ ರೊಟ್ಟಿ ನನಗೆ ಬ್ಯಾಡ" ಎನ್ನುತ್ತಿದ್ದರು. ಬಟ್ಟೆ ಹಿಂಡುವುದು, ಕಾಯಿ ತುರಿಯುವುದು ಎಲ್ಲ ನಿಷೇಧ. ಅದು ಅಕ್ಕರೆಯೋ, ಸೈಕಲ್ಲು ಹತ್ತಿದ್ದಕ್ಕೆ ಶಿಕ್ಷೆಯೋ ನನಗೆ ಗೊತ್ತಾಗುತ್ತಿರಲಿಲ್ಲ. "ಆ ಸೈಕಲ್ಲು ಮೊದ್ಲು ಮನೆ ಬಿಟ್ಟು ಹೋಗ್ಲಿ" ಎಂಬ ಮಾತಂತೂ ಊಟಕ್ಕೊಮ್ಮೆ ಬರುತ್ತಿತ್ತು. ಕೊನೆಗೆ ನನ್ನ ಬಲಗೈ ನಿಜವಾಗಿ ಒತ್ತಬಹುದಾದ ವಸ್ತು ಒಂದೇ ಉಳಿಯಿತು, ಮುಂದಿನ ಬ್ರೇಕು.

ಅದು ಹಿಡಿಯಲಿಲ್ಲ.

ಮೊದಲ ಸವಾರಿಯಲ್ಲೇ ಗೊತ್ತಾಯಿತು. ಮನೆಯಿಂದ ಹೊರಟು ಪೇಟೆ ದಾಟಿ ಇಳಿಜಾರಿಗೆ ಬಂದು ಬಲಗೈ ಒತ್ತಿದರೆ, ಲಿವರ್ ಒಳಗೆ ಬಂತು, ಚಕ್ರ ಕಿರ್ರೆಂದು ಕೂಗಿತು, ಸೈಕಲ್ಲು ಮಾತ್ರ ಏನೂ ಆಗಿಲ್ಲವೆಂಬಂತೆ ಹೋಗುತ್ತಲೇ ಇತ್ತು. ಎಡಗೈ ಒತ್ತಿ ಹೇಗೋ ನಿಂತೆ. ಕೂಗಾಟಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಮಳೆಯಲ್ಲಿ ನೆನೆದರೆ ಡಿಸ್ಕ್ ಬ್ರೇಕು ಕೂಗಿಯೇ ಕೂಗುತ್ತದೆ. ಪೈಪಿನಲ್ಲಿ ಗಾಳಿ ಸೇರಿರಬೇಕು ಅಂದುಕೊಂಡೆ. ಬಿದ್ದಾಗ ಸೈಕಲ್ಲು ತಲೆಕೆಳಗಾಗಿತ್ತಲ್ಲ, ಹಾಗಾಗಿರಬಹುದು. ಎಣ್ಣೆಯ ನಡುವೆ ಗಾಳಿಗುಳ್ಳೆ ಇದ್ದರೆ ನಾವು ಒತ್ತಿದ್ದು ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಆ ಗಾಳಿ ತೆಗೆಯಬೇಕು.

ಗಾಳಿ ತೆಗೆಯುವ ವಿದ್ಯೆಯನ್ನು ಮೇಷ್ಟ್ರು ಹೋಗುವ ಮುಂಚೆ ಕಲಿಸಿಕೊಟ್ಟಿದ್ದರು. ಈ ಬ್ರೇಕಿಗೆಂದೇ ಬರುವ ಎಣ್ಣೆಯ ಒಂದು ಬಾಟಲಿಯನ್ನೂ ಕೊಟ್ಟಿದ್ದರು. ಮೋಟಾರ್ ಬೈಕಿನ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರು ಊದಿಕೊಂಡು ಹಾಳಾಗುತ್ತದೆ ಎಂದು ಎಚ್ಚರಿಸಿದ್ದರು. ಇನ್ನು ಬೇಕಾದದ್ದು ಸಿರಿಂಜು, ಗ್ಲೂಕೋಸ್ ಹಾಕುವ ಸಣ್ಣ ಪೈಪು, ಸ್ಪಿರಿಟ್ಟು, ಹತ್ತಿ. ಮೆಡಿಕಲ್ ಶಾಪಿನವರು ನನ್ನ ಕೈ ನೋಡಿ, ಸಾಮಾನು ನೋಡಿ, "ಮನೇಲೇ ಟ್ರೀಟ್‌ಮೆಂಟಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. "ನನಗಲ್ಲ ರೀ, ಸೈಕಲ್ಲಿಗೆ" ಅಂದೆ. ಅವರು ಬೇಗ ಬೇಗ ಕಟ್ಟಿಕೊಟ್ಟರು.

ಭಾನುವಾರ ಸೈಕಲ್ಲನ್ನು ಜಗಲಿಗೆ ತಂದೆ. ಮುಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಎಣ್ಣೆ ತಾಗದಿರಲೆಂದು ಪ್ಯಾಡ್‌ಗಳನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟೆ. ಅವು ಕೂರುವ ಸಂದಿಗೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿದೆ, ಇಲ್ಲದಿದ್ದರೆ ಲಿವರ್ ಒತ್ತಿದಾಗ ಒಳಗಿನ ಪಿಸ್ಟನ್ನುಗಳು ಹೊರಗೆ ಬಂದುಬಿಡುತ್ತವೆ. ಕೆಳಗಿನ ತೂತಿಗೆ ಸಿರಿಂಜು ಜೋಡಿಸಿ ಹೊಸ ಎಣ್ಣೆಯನ್ನು ನಿಧಾನವಾಗಿ ಮೇಲಕ್ಕೆ ನೂಕಬೇಕು. ಹಳೆಯದು ಹ್ಯಾಂಡಲ್ ಹತ್ತಿರ ಸಿಕ್ಕಿಸಿದ ಪುಟ್ಟ ಬಟ್ಟಲಿಗೆ ಏರಿ ಬರುತ್ತದೆ, ಅದರ ಜೊತೆ ಗುಳ್ಳೆಗಳು. ಪೈಪನ್ನು ಬೆರಳಿಂದ ತಟ್ಟುತ್ತಾ ಹೋದರೆ ಅಡಗಿ ಕೂತ ಗುಳ್ಳೆಗಳೂ ಏಳುತ್ತವೆ. ಬಲಗೈಯನ್ನು ನಂಬದೆ ಎಡಗೈಯಲ್ಲೇ ಎಲ್ಲ ಮಾಡಿದೆ, ಸ್ವಲ್ಪ ಚೆಲ್ಲಿದೆ. ಗುಳ್ಳೆ ನಿಂತ ಮೇಲೆ ತಿರುಪು ಬಿಗಿದು, ಚೆಲ್ಲಿದ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಚಕ್ರ ಕೂರಿಸುವಾಗ ಡಿಸ್ಕಿನ ಮೇಲೂ ಬೆರಳು ಜಾರಿತು. ಅಯ್ಯೋ, ಇಲ್ಲಿಗೂ ಚೆಲ್ಲಿದೆನಲ್ಲ ಎಂದು ಅದನ್ನೂ ಒರೆಸಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಇದಕ್ಕೂ ಇಂಜೆಕ್ಷನ್ನಾ? ಹಾಳಾದ್ದು ಮನುಷ್ಯರಿಗಿಂತ ಹೆಚ್ಚು ಸೇವೆ ಮಾಡಿಸ್ಕೊಳ್ತೈತಿ" ಎಂದು ಒಳಗೆ ಹೋದರು.

ಲಿವರ್ ಒತ್ತಿ ನೋಡಿದರೆ ಕಲ್ಲಿನ ಹಾಗೆ ಗಟ್ಟಿ. ಗಾಳಿ ಹೋಗಿದೆ, ಸಂಶಯವೇ ಇಲ್ಲ. ಸೋಮವಾರ ಬೆಳಿಗ್ಗೆ ಹುಮ್ಮಸ್ಸಿನಿಂದ ಹೊರಟೆ. ಅದೇ ಇಳಿಜಾರಿನಲ್ಲಿ ಬಲಗೈ ಒತ್ತಿದೆ. ಲಿವರ್ ಗಟ್ಟಿ, ಸೈಕಲ್ಲು ನಿಲ್ಲಲಿಲ್ಲ.

ಈಗ ನನಗೆ ನಿಜವಾಗಿ ಗೊಂದಲ ಶುರುವಾಯಿತು. ಲಿವರ್ ಮೆತ್ತಗಿದ್ದರೆ ತಪ್ಪು ಬ್ರೇಕಿನದು. ಲಿವರ್ ಗಟ್ಟಿಯಾಗಿದ್ದೂ ನಿಲ್ಲದಿದ್ದರೆ? ಒತ್ತುವವಳು ಸರಿಯಾಗಿ ಒತ್ತುತ್ತಿಲ್ಲ ಎಂದು ತಾನೇ ಅರ್ಥ? ಆದರೆ ನಾನು ಒತ್ತುತ್ತಿದ್ದೆ. ಒತ್ತುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸುವುದಕ್ಕೂ ಒತ್ತುವುದಕ್ಕೂ ನಡುವೆ ಒಂದು ನರವಿದೆಯಂತೆ, ಅದಕ್ಕೇ ಪೆಟ್ಟಾಗಿದ್ದರೆ ಅನ್ನಿಸಿಕೆಯನ್ನು ನಂಬುವುದು ಹೇಗೆ? ಪಾಠ ಬಿಟ್ಟು, ಆಟ ಬಿಟ್ಟು, ದಿನವಿಡೀ ಮೇಜಿನ ಅಂಚನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಮೇಜು ಏನೂ ಹೇಳುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಒಮ್ಮೆ ಹತ್ತಿ ನೋಡಿ ಅಂದೆ. ಅವರು ಲುಂಗಿ ಮೇಲಕ್ಕೆ ಕಟ್ಟಿ, ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ, ಪಕ್ಕದಲ್ಲಿ ನಡೆದು ಬರುವವರು ಹಿಂದೆ ಹಾಕುವಷ್ಟು ನಿಧಾನವಾಗಿ ಹೋಗಿ, ಎರಡೂ ಬ್ರೇಕು ಒತ್ತಿ ನಿಂತರು. "ಚಲೋ ನಿಲ್ತೈತಲ್ಲ?" ಅಂದರು. ಆ ವೇಗಕ್ಕೆ ಕಾಲು ಊರಿದರೂ ನಿಲ್ಲುತ್ತದೆ ಎಂದು ಹೇಳಬೇಕೆನಿಸಿತು. ಆದರೂ ಗಂಡನ ಕೈಗೆ ನಿಂತ ಸೈಕಲ್ಲು ನನ್ನ ಕೈಗೆ ನಿಲ್ಲಲಿಲ್ಲ ಎಂಬುದು ಒಳಗೆ ಚುಚ್ಚಿತು. "ಬ್ರೇಕ್ ಸರಿ ಐತಿ ಕಣೇ. ಕೈಯೇ ಇನ್ನೂ ಸರಿ ಆಗಿಲ್ಲ. ಹೆದರಿಕಿಯೂ ಇರ್ತೈತಿ" ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಅತ್ತೆ ಹತ್ತಿ ಬಿಡಿಸಿ ದೀಪದ ಬತ್ತಿ ಮಾಡುತ್ತಾ ಕೂತಿದ್ದರು. ತಲೆಯೆತ್ತಿ ನನ್ನ ಮುಖ ನೋಡಿದರು.

ಡಾಕ್ಟರು ಒಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟು ಹಿಸುಕುತ್ತಿರಿ ಅಂದರು. ಮನೆಗೆ ಬಂದು ಹಿಸುಕಲು ಶುರು ಮಾಡಿದ ದಿನವೇ, ಕೈ ಸುಮ್ಮನಿರದೆ, ಪ್ಯಾಡ್‌ಗಳನ್ನೂ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿ ಹಾಕಿದೆ. ವಾರದಲ್ಲಿ ಬ್ರೇಕು ತುಸು ಹಿಡಿಯತೊಡಗಿತು. ನನಗೆ ಖುಷಿಗಿಂತ ತಲೆನೋವೇ ಹೆಚ್ಚಾಯಿತು. ಚೆಂಡಿನಿಂದ ಕೈ ಬಲವಾಯಿತೋ, ಉಜ್ಜಿದ್ದಕ್ಕೆ ಪ್ಯಾಡು ಸರಿಯಾಯಿತೋ? ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟಿದ್ದರೆ ತಿಳಿಯುತ್ತಿತ್ತು. ಮಕ್ಕಳಿಗೆ ಒಂದೇ ಸಲ ಎರಡು ಕೆಲಸ ಮಾಡಬೇಡಿ ಎಂದು ಬೈಯುವವಳು ನಾನೇ. ಏನಾದರೂ ಆಗಲಿ, ಕೈ ಬರುತ್ತಿದೆ ಎಂದು ನಂಬಲು ಮನಸ್ಸು ಹಾತೊರೆಯಿತು. ಆ ಕೆಲವು ದಿನ ಹಾಡು ಗುನುಗಿಕೊಂಡೇ ಶಾಲೆಗೆ ಹೋದೆ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ಎದ್ದು, ತುದಿಯಲ್ಲಿ ಹೂವಿನ ಸೂಲಂಗಿ ಬಿಟ್ಟಿತ್ತು.

ಆ ಜೋಳದ ಹೊಲಕ್ಕೇ ನಾನು ಸೈಕಲ್ ಸಮೇತ ನುಗ್ಗಿದ್ದು. ಅಮಾವಾಸ್ಯೆ ಕಳೆದು, ಗಣಪತಿ ಹಬ್ಬಕ್ಕೆ ಎರಡು ಮೂರು ದಿನ ಇತ್ತು. ಶಾಲೆ ಬಿಟ್ಟು ಬರುತ್ತಿದ್ದೆ. ಇಳಿಜಾರಿನಲ್ಲಿ ನಮ್ಮದೇ ಶಾಲೆಯ ಹುಡುಗಿಯರ ಗುಂಪು ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ಹಬ್ಬಿ ನಡೆಯುತ್ತಿತ್ತು. ಬಲಗೈ ಒತ್ತಿದೆ. ಇಲ್ಲ. ಇನ್ನೂ ಒತ್ತಿದೆ. ಕಿರ್ರೆಂದು ಕೂಗಿತೇ ಹೊರತು ಹಿಡಿಯಲಿಲ್ಲ. ಹಿಂದಿನ ಬ್ರೇಕೊಂದೇ ಸಾಲಲಿಲ್ಲ. ಮಕ್ಕಳ ಮೇಲೆ ಹೋಗುವ ಬದಲು ಹ್ಯಾಂಡಲ್ ತಿರುಗಿಸಿದೆ. ಜೋಳದ ದಂಟುಗಳು ಪಟಪಟ ಮುರಿದು ನನ್ನನ್ನು ಹಿಡಿದುಕೊಂಡವು. ಗಾಯವೇನೂ ಆಗಲಿಲ್ಲ. ಹುಡುಗಿಯರು "ಮಿಸ್, ಮಿಸ್" ಎಂದು ಓಡಿಬಂದು ಎಬ್ಬಿಸಿದರು. ನಾನು ನಗುತ್ತಾ ಮೈ ಕೊಡವಿಕೊಂಡೆ. ಎರಡು ವಾರ ಸರಿಯಿದ್ದ ಕೈ ಇದ್ದಕ್ಕಿದ್ದಂತೆ ಹೀಗೆ ಕೈಬಿಟ್ಟರೆ ಅದನ್ನು ಯಾವ ಧೈರ್ಯದ ಮೇಲೆ ನಂಬಲಿ? ಆ ದಿನ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದೆ. ಬಚ್ಚಲು ಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ನಾನು ಬಸ್ಸಿಗೆ ಹೋಗತೊಡಗಿದೆ. ಎರಡು ಸಲ ಸುಮ್ಮನೆ ಹಟಕ್ಕೆ ಬಿದ್ದು ಗಾಳಿ ತೆಗೆದೆ. ಒಂದು ಗುಳ್ಳೆಯೂ ಬರಲಿಲ್ಲ. ಎಣ್ಣೆ ಜೇನಿನಷ್ಟು ತಿಳಿಯಾಗಿ ಏರಿ ಬರುತ್ತಿತ್ತು. ಬ್ರೇಕಿನಲ್ಲಿ ತಪ್ಪು ಹುಡುಕಿ ಹುಡುಕಿ ಸಿಗದಿದ್ದಾಗ ತಪ್ಪು ನನ್ನಲ್ಲೇ ಎಂದು ಒಪ್ಪಿಕೊಳ್ಳುವುದು ಒಂಥರ ನೆಮ್ಮದಿ ಕೊಡುತ್ತದೆ, ಕೆಟ್ಟ ನೆಮ್ಮದಿ. ಡಾಕ್ಟರ ಹತ್ತಿರ ಹೋಗಿ, "ಪೂರ್ತಿ ಒತ್ತುತ್ತೇನೆ ಅಂತ ಅನ್ನಿಸುತ್ತೆ ಸರ್, ಆದರೆ ಬ್ರೇಕು ಹಿಡಿಯಲ್ಲ. ಕೆಲವು ದಿನ ಬಲ ಇರುತ್ತೆ, ಕೆಲವು ದಿನ ಹೋಗಿಬಿಡುತ್ತೆ" ಅಂದೆ. ಅವರು ಹುಬ್ಬು ಗಂಟಿಕ್ಕಿ, "ಬಂದು ಹೋಗಿ ಆಗೋದು ಒಳ್ಳೇ ಲಕ್ಷಣ ಅಲ್ಲ. ಶಿವಮೊಗ್ಗಕ್ಕೆ ಹೋಗಿ ನರದ ಪರೀಕ್ಷೆ ಮಾಡಿಸಿಬಿಡಿ. ಬಿಡಿಸಬೇಕಾದರೆ ಬೇಗ ಬಿಡಿಸೋದು ಒಳ್ಳೇದು" ಎಂದರು. ಬಿಡಿಸುವುದು ಎಂದರೆ ಮಣಿಕಟ್ಟನ್ನು ಕೊಯ್ದು ತೆರೆಯುವುದು. ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ನಮ್ಮ ಯಜಮಾನರು ಸೈಕಲ್ಲನ್ನು ಮಾರಿಬಿಡೋಣ ಅಂದರು, ನಾನೂ ಹೂಂ ಅಂದೆ. ಯಾವಾಗಲೂ ಮೊದಲು ಅದನ್ನೇ ಹೇಳುತ್ತಿದ್ದ ಅತ್ತೆ ಅವತ್ತು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು.

ಶಿವಮೊಗ್ಗಕ್ಕೆ ಹೋಗುವ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆಯಿಂದ ಆಕಾಶ ಕಿತ್ತುಕೊಂಡು ಸುರಿಯುತ್ತಿತ್ತು. ಅಮಾವಾಸ್ಯೆಯ ರಜೆಯಿದ್ದರೂ ಕ್ರೀಡಾಕೂಟದ ಅಭ್ಯಾಸಕ್ಕೆ ಶಾಲೆ ತೆರೆಯುವುದಿತ್ತು; ನನ್ನ ಕೆಲಸ ಒಪ್ಪಿಸಿ ಬರೋಣವೆಂದು ಹೊರಟವಳಿಗೆ, ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವಾಗ ಮಳೆಗೆ ಅಭ್ಯಾಸ ನಿಲ್ಲಿಸಿದ್ದೇವೆಂದು ಹೆಡ್ ಮಾಸ್ಟರ ಫೋನು ಬಂತು. ಕೊಡೆಯಿದ್ದೂ ತೊಯ್ದು ವಾಪಸ್ಸು ಬಂದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಯಜಮಾನರು ಅಂಗಡಿಯಲ್ಲಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಅತ್ತೆಯ ದನಿ. ಯಾರ ಜೊತೆಯೋ ಮೆಲ್ಲಗೆ ಮಾತಾಡುತ್ತಿದ್ದರು.

ಯಾರೂ ಇರಲಿಲ್ಲ. ಅತ್ತೆ ಸೈಕಲ್ಲಿನ ಮುಂದಿನ ಚಕ್ರದ ಎದುರು ಮಣೆ ಹಾಕಿಕೊಂಡು ಕೂತಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ಆರತಿ ತಟ್ಟೆ, ಡಿಸ್ಕಿನ ಮೇಲೆ ಮೂರು ಗೆರೆ ವಿಭೂತಿ. ನನ್ನ ಕಡೆ ಅವರ ಬೆನ್ನಿತ್ತು.

"ನಾಳೆ ಆಕಿನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಾರೆ. ಕೈ ಕೊಯ್ತಾರಂತೆ," ಎಂದು ಸೈಕಲ್ಲಿಗೆ ಹೇಳುತ್ತಿದ್ದರು. "ಎಲ್ಲಾರೂ ಆಕಿ ಒತ್ತಂಗಿಲ್ಲ ಅಂತಾರೆ. ಆಕಿ ಒತ್ತತಾಳೆ. ನನಗೆ ಗೊತ್ತೈತಿ, ಆಕಿ ಅರ್ಧಂಬರ್ಧ ಏನೂ ಮಾಡಾಕಿ ಅಲ್ಲ. ನೀನೇ ಹಿಡೀತಿಲ್ಲ. ಮೂರು ಅಮಾಸಿಯಿಂದ ಆಕಿನ್ನ ಕಾಯಪ್ಪಾ ಅಂತ ಕೇಳ್ಕೊಳ್ತಿದೀನಿ. ಹಿಡಿಯಪ್ಪಾ."

ಹೇಳಿ ಮುಗಿಸಿ, ಮಡಿಲಿನಿಂದ ಒಂದು ಬಟ್ಟೆ ತೆಗೆದು ಡಿಸ್ಕಿನ ವಿಭೂತಿಯನ್ನು ನೀಟಾಗಿ ಒರೆಸತೊಡಗಿದರು. ಅಂಗಡಿಯ ಮೊಳೆಗೆ ನೇತುಹಾಕಿರುವ ಬಟ್ಟೆ ಅದು. ಅಮಾವಾಸ್ಯೆಯ ಪೂಜೆ ನಮ್ಮ ಅಂಗಡಿಯಲ್ಲಿ ನಡೆಯುವುದೇ ಹಾಗೆ: ಕುಡುಗೋಲು, ಕೊಡಲಿಗಳಿಗೆ ವಿಭೂತಿ ಹಚ್ಚಿ ಆರತಿ ಎತ್ತಿ, ಆಮೇಲೆ ತುಕ್ಕು ಹಿಡಿಯದಿರಲೆಂದು, ಗಿರಾಕಿಯ ಕೈಗೆ ಬೂದಿ ಅಂಟದಿರಲೆಂದು, ಎಣ್ಣೆ ಬಟ್ಟೆಯಲ್ಲಿ ಹೊಳೆಯುವಂತೆ ಒರೆಸಿಡುತ್ತಾರೆ. ಕಬ್ಬಿಣವನ್ನು ಪೂಜಿಸಿ ಎಣ್ಣೆ ಹಚ್ಚದೆ ಬಿಡುವುದು ನಮ್ಮ ಅತ್ತೆಯ ಪ್ರಕಾರ ದೇವರಿಗೆ ನೈವೇದ್ಯ ತೋರಿಸಿ ಕೊಡದೇ ಇದ್ದಂತೆ.

"ಅತ್ತೆ!" ಎಂದು ಕೂಗಿದೆ. "ಎಣ್ಣೆ!"

ಅವರು ಬೆಚ್ಚಿಬಿದ್ದು ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವರ ಮುಖವಾಗಿತ್ತು. "ಕುಂಕುಮ ಹಚ್ಚಿಲ್ಲಪ್ಪ," ಅಂದರು ಮೊದಲು. "ನಿನ್ನ ಬಣ್ಣಕ್ಕೆ ಏನೂ ಆಗಿಲ್ಲ, ನೋಡಿಕ್ಯಾ. ಕಬ್ಬಿಣದ ಮ್ಯಾಲೆ ಅಷ್ಟೇ ಹಚ್ಚಿದೀನಿ. ನಿನಗೆ ಗೊತ್ತಾದ್ರೆ ನಗ್ತಿದ್ದಿ ಅಂತ ಹೇಳಲಿಲ್ಲ."

ನನಗೆ ನಗಬೇಕೋ ಅಳಬೇಕೋ ಸಿಟ್ಟಾಗಬೇಕೋ ತಿಳಿಯದೆ, ಮೂರರಲ್ಲಿ ಸುಲಭವಾದದ್ದನ್ನು ಆರಿಸಿಕೊಂಡು ಸಿಟ್ಟಾದೆ. ಮಂಡಿಯೂರಿ ಕೂತು ಡಿಸ್ಕಿನ ಮೇಲೆ ಬೆರಳಾಡಿಸಿದೆ. ಬೆರಳು ಜರ್ರನೆ ಜಾರಿತು. "ಇದಕ್ಕೆ ಎಣ್ಣೆ ತಾಗಲೇಬಾರದು ಅತ್ತೆ! ಪೈಪಿನ ಒಳಗೆ ಎಷ್ಟು ಬೇಕಾದರೂ ಇರಲಿ, ಈ ತಟ್ಟೆ ಒಣಗಿರಬೇಕು. ಒಂದು ಹನಿ ತಾಗಿದರೂ ಪ್ಯಾಡು ಅದನ್ನು ಕುಡಿದುಬಿಡುತ್ತೆ, ಆಮೇಲೆ ಏನು ಮಾಡಿದರೂ ಜಾರುತ್ತೆ. ನಾನು ಎಷ್ಟು ಸಲ ಬಿಚ್ಚಿದೆ, ಎಷ್ಟು ಸಲ ಗಾಳಿ ತೆಗೆದೆ! ಚೆಲ್ಲಿದ್ದು ನಾನೇ ಅಂದುಕೊಂಡೆ! ಪ್ಯಾಡ್ ಎರಡೂ ಹಾಳು, ಹೊಸದು ತರಿಸಬೇಕು." ಹಿಂದಿನ ಚಕ್ರ ಮೆಟ್ಟಿಲ ಕೆಳಗೆ ಸಿಕ್ಕಿಕೊಂಡಿದ್ದಕ್ಕೆ ಪೂಜೆಯಿಂದ ಪಾರಾಗಿತ್ತು ಎಂಬುದೂ ಆಗಲೇ ಹೊಳೆದು, ಅದನ್ನೂ ಸೇರಿಸಿ ಒದರಿದೆ. ಹೀಗೆ ಒಂದೇ ಉಸಿರಿಗೆ ಬ್ರೇಕಿನ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಹೇಳುತ್ತಾ ಹೋದೆ.

ಅತ್ತೆ ನನ್ನನ್ನು ತಡೆಯಲಿಲ್ಲ. ಅವರ ಮುಖದ ಬಣ್ಣ ಇಳಿದುಹೋಗಿತ್ತು. ಜೋಳದ ಹೊಲದ ಸಂಗತಿ ಅವರಿಗೆ ಗೊತ್ತಿತ್ತು. ಹುಡುಗಿಯರು ಊರಿಡೀ ಹೇಳಿದ್ದರು. ಸೆರಗಿನೊಳಗಿನ ಬಟ್ಟೆಯನ್ನು ಹೊರಗೆ ತೆಗೆದು ನೋಡಿ, ಆರತಿ ತಟ್ಟೆಯಿಂದ ದೂರ ಇಟ್ಟರು.

"ಎಣ್ಣೆ ಹಚ್ಚಿದ್ರೆ ಹಿಡಿಯಂಗಿಲ್ಲಾ?" ಎಂದು ಕೇಳಿದರು.

"ಇಲ್ಲ ಅತ್ತೆ."

"ಯಾರು ಒತ್ತಿದ್ರೂ?"

"ಯಾರು ಒತ್ತಿದರೂ ಹಿಡಿಯಲ್ಲ."

"ಪೈಲ್ವಾನ ಬಂದು ಒತ್ತಿದ್ರೂ?"

"ಯಾರೇ ಬಂದರೂ ಅಷ್ಟೇ ಅತ್ತೆ" ಅಂದೆ, ಇನ್ನೂ ಸಿಟ್ಟಿನಲ್ಲೇ.

ಹೊರಗೆ ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಅವರು ನನ್ನ ಬಲಗೈಯನ್ನೇ ನೋಡುತ್ತಾ, "ಹಂಗಾರೆ ನಿನ್ನ ಕೈಗೆ ಏನೂ ಆಗಿಲ್ಲಲ್ಲೇ ನನ್ನವ್ವಾ" ಅಂದರು.

ಪ್ಯಾಡು, ಪೈಪು, ಡಿಸ್ಕು ಎಂದು ಒದರುತ್ತಿದ್ದ ನನಗೆ ಆ ಕ್ಷಣದವರೆಗೂ ಅದು ಹೊಳೆದೇ ಇರಲಿಲ್ಲ. ಬಲಗೈಯನ್ನು ಎತ್ತಿ ಯಾರದೋ ವಸ್ತುವಿನಂತೆ ನೋಡಿದೆ. ಎಲ್ಲ ದಿನವೂ ಇದು ಒತ್ತಿತ್ತು. ಇಳಿಜಾರಿನಲ್ಲೂ ಒತ್ತಿತ್ತು, ಮಕ್ಕಳ ಗುಂಪಿನ ಎದುರಿಗೂ ಒತ್ತಿತ್ತು. ನಾನು ಅದನ್ನು ಅನುಮಾನಿಸಿ ಕೊಯ್ಯಿಸಲು ಹೊರಟಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ನೀಲಮ್ಮನವರು ತಮ್ಮ ಕೈಯನ್ನು ಸೀರೆಗೆ ಗಸಗಸ ಒರೆಸಿಕೊಂಡು, ಎರಡು ಬೆರಳು ಮುಂದೆ ಚಾಚಿದರು. "ಹಿಡಿ" ಅಂದರು. "ಎಷ್ಟೈತಿ ಎಲ್ಲಾ ಹಾಕಿ ಒತ್ತು. ನಾನು ನೋಡ್ತೀನಿ."

ಒತ್ತಿದೆ. ಆ ಮಳೆಗಾಲವಿಡೀ ಹಿಡಿಯದ್ದನ್ನೆಲ್ಲ ಸೇರಿಸಿ ಒತ್ತಿದೆ.

"ಅಯ್ಯಯ್ಯೋ ಸಾಕು ಬಿಡೇ, ಮುರದೇ ಬಿಟ್ಟೀಯ!" ಎಂದು ಅವರು ಕಿರುಚಿದರು. ಕಿರುಚಿದರೇ ಹೊರತು ಬೆರಳು ಎಳೆದುಕೊಳ್ಳಲಿಲ್ಲ.